ಉರಿ, ಊತ ಮತ್ತು ನಮ್ಮ ತಾಟಿನ ಚರಿತ್ರೆ



ಬೆಂಗಳೂರು, ಪುಣೆಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಮಾತನಾಡುವಾಗ ಈಚೆಗೆ ಒಂದು ಶಬ್ದವನ್ನು ಮೇಲಿಂದ ಮೇಲೆ ಬಳಸುತ್ತಾರೆ: ಉರಿಯೂತ. ರಕ್ತ ಪರೀಕ್ಷೆಯಲ್ಲಿ ಅದು ಹೆಚ್ಚಾಗಿದೆಯಂತೆ, ಊಟ ಬದಲಿಸಿರೆಂದು ವೈದ್ಯರು ಹೇಳಿದ್ದಾರಂತೆ. ಕೂಡಲೇ ಮುಂದಿನ ಮಾತು: “ಸರ್, ನಮ್ಮೂರಾಗ ರೊಟ್ಟಿ ತಿಂತಿದ್ದಾಗ ಇದೇನೂ ಇರಲಿಲ್ಲಲ್ರೀ.” ನಾನು ವೈದ್ಯನಲ್ಲ, ಇತಿಹಾಸ ಕಲಿಸಿದ ಮಾಸ್ತರ. ಆದರೆ ಈ ಮಾತು ಇತಿಹಾಸದ ಬಗೆಗಿನ ಹೇಳಿಕೆಯಾದ್ದರಿಂದ ಅದನ್ನು ಪರೀಕ್ಷಿಸುವುದು ನನ್ನ ಕೆಲಸವೇ ಆಗಿದೆ.

ಮೊದಲು ಶಬ್ದವನ್ನು ನೋಡೋಣ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಈ ವ್ಯಾಧಿಗೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಊತ, ಬಿಸಿ, ನೋವು. ಅವುಗಳಲ್ಲಿ ಎರಡನ್ನು ನಮ್ಮ ಕನ್ನಡ ಶಬ್ದವು ತನ್ನೊಳಗೇ ಇಟ್ಟುಕೊಂಡಿದೆ. ಮುಳ್ಳು ಚುಚ್ಚಿದ ಕಾಲು ಬಾತುಕೊಳ್ಳುವುದು ರೋಗವಲ್ಲ, ರಕ್ಷಣೆ. ಇದನ್ನು ತೋರಿಸಿಕೊಟ್ಟವನು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಅವನು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಅಲೆಮಾರಿ ಕಣಗಳು ಆ ಮುಳ್ಳನ್ನು ಮುತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಅದಕ್ಕಾಗಿ 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮುಳ್ಳು ಹೋದ ಮೇಲೂ ಸೈನ್ಯ ಮರಳದೆ ಊರಲ್ಲೇ ಬೀಡುಬಿಟ್ಟರೆ ಹೇಗೋ, ಈಗ ವೈದ್ಯರು ಹೇಳುವ ದೀರ್ಘಕಾಲದ ಉರಿಯೂತವು ಹಾಗೆ. ಅದು ಕೆಂಪಾಗುವುದಿಲ್ಲ, ಬಾಯುವುದಿಲ್ಲ. ರಕ್ತನಾಳಗಳಲ್ಲಿ, ಯಕೃತ್ತಿನಲ್ಲಿ, ಹೊಟ್ಟೆಯ ಕೊಬ್ಬಿನಲ್ಲಿ ಸದ್ದಿಲ್ಲದೆ ಇರುತ್ತದೆ. ಹೊಟ್ಟೆಯ ಕೊಬ್ಬು ಸುಮ್ಮನಿರುವ ಉಗ್ರಾಣವಲ್ಲ, ತಾನೇ ಉರಿಯೂತದ ರಾಸಾಯನಿಕವನ್ನು ಹೊರಹಾಕುತ್ತದೆ ಎಂಬ ಸಂಗತಿ ಇಲಿಗಳ ಪ್ರಯೋಗದಿಂದ ತಿಳಿದುಬಂದದ್ದು 1993ರಲ್ಲಿ.

ಇನ್ನು ನಮ್ಮ ಸೀಮೆಗೆ ಬರೋಣ. ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಮೂರು ಸರಕಾರಗಳನ್ನು ದಾಟಬೇಕಾಗಿತ್ತು! ಆದರೆ ತಾಟು ಮಾತ್ರ ಒಂದೇ. ಕರಿಮಣ್ಣಿನ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ; ಅದರ ಸಾಲುಗಳ ನಡುವೆ ಅಕ್ಕಡಿಯಾಗಿ ಕುಸುಬಿ, ಅಗಸಿ, ಕಡಲೆ. ಅಂದರೆ ರೊಟ್ಟಿ, ಎಣ್ಣೆ, ಚಟ್ನಿ, ಬೇಳೆ ನಾಲ್ಕೂ ಒಂದೇ ಹೊಲದಿಂದ ಬರುತ್ತಿದ್ದವು. ಮುಂಗಾರಿಯಲ್ಲಿ ಹೆಸರು, ಮಡಕಿ, ಹುರಳಿ. ಮಸಾರಿಯಲ್ಲಿ ಸಜ್ಜಿ, ನವಣಿ. ಬದುವಿನಲ್ಲಿ ತಾನೇ ಬೆಳೆಯುತ್ತಿದ್ದ ಹಕ್ಕರಕಿಯನ್ನು ಹಸಿಯಾಗಿಯೇ ತಿನ್ನುತ್ತಿದ್ದರು. ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಊಟಕ್ಕೆ ಸೇರಿದ್ದವೇ ಹೊರತು ಅಲಂಕಾರಕ್ಕಲ್ಲ. ಅನ್ನವು ಹಬ್ಬದ, ಬೀಗರ, ಬಾಣಂತಿಯರ ಆಹಾರವಾಗಿತ್ತು. ಪಕ್ಕದ ಬಾಡದ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಭತ್ತವನ್ನೂ ರಾಗಿಯನ್ನೂ ಜಗಳಕ್ಕೆ ನಿಲ್ಲಿಸಿದ್ದು ಬರಿಯ ಕಲ್ಪನೆಯಲ್ಲ. ಯಾರು ಏನನ್ನು ಉಣ್ಣುತ್ತಾರೆ ಎಂಬುದು ಅಂದಿಗೂ ಅಂತಸ್ತಿನ ಪ್ರಶ್ನೆಯೇ.

ಈ ತಾಟಿನ ಬಗ್ಗೆ ಇಂದಿನ ವಿಜ್ಞಾನ ಏನೆನ್ನುತ್ತದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಸಜ್ಜಿಯಲ್ಲಿ ಹನ್ನೊಂದಕ್ಕೂ ಹೆಚ್ಚು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ 3 ಗ್ರಾಮಿಗಿಂತ ಕಡಿಮೆ. ನಾರು ನಮಗೆ ಜೀರ್ಣವಾಗುವುದಿಲ್ಲ. ಅದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಪಾಲು. ಅವು ಅದನ್ನು ಹುಳಿಯಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ಮಾಡುತ್ತವೆ. ಈ ಆಮ್ಲಗಳು ಕರುಳಿನ ಗೋಡೆಯನ್ನು ಭದ್ರಗೊಳಿಸಿ ಉರಿಯೂತವನ್ನು ತಣಿಸುತ್ತವೆ. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಒಮೆಗಾ-3 ಜಾತಿಯ ಕೊಬ್ಬು. ಇಡೀ ಅಗಸಿಯನ್ನು ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ, ಪುಡಿಯಾದರಷ್ಟೇ ಮೈಗೆ ಹತ್ತುತ್ತದೆ. ನಮ್ಮ ಹೆಂಗಸರು ಅದನ್ನು ಹುರಿದು ಒರಳಿನಲ್ಲಿ ಕುಟ್ಟಿ ಚಟ್ನಿ ಮಾಡಿದ್ದು ರುಚಿಗಾಗಿಯೇ ಇರಬೇಕು, ಲಾಭ ಮಾತ್ರ ಮೈಗೂ ಆಯಿತು.

ಮಜ್ಜಿಗೆಯ ಮಾತೂ ಸ್ವಾರಸ್ಯಕರವಾಗಿದೆ. ಅದೇ ಮೆಚ್ನಿಕಾಫ್ ಮುಪ್ಪಿನಲ್ಲಿ ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಹುಳಿ ಹಾಲೇ ಕಾರಣವೆಂದು ವಾದಿಸಿದನು. ಬಹುಕಾಲ ಜನ ಅದನ್ನು ಮುದುಕನ ಹುಚ್ಚೆಂದು ನಕ್ಕರು. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರ ಮೇಲೆ ಹತ್ತು ವಾರ ಪ್ರಯೋಗ ಮಾಡಿದಾಗ, ಹುದುಗಿಸಿದ ಆಹಾರ ತಿಂದವರ ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ತಗ್ಗಿದ್ದವು. ನಾರನ್ನು ಹೆಚ್ಚಿಸಿದ ಗುಂಪಿನಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. 36 ಜನ ಚಿಕ್ಕ ಸಂಖ್ಯೆ ನಿಜ. ಆದರೂ ರೊಟ್ಟಿಯ ಜೊತೆಗೆ ಮಜ್ಜಿಗೆ, ಅಂಬಲಿಗಳು ಯಾಕಿದ್ದವೆಂದು ಯೋಚಿಸಲು ಸಾಕು.

ಇಲ್ಲಿಗೇ ನಿಲ್ಲಿಸಿದರೆ ನಿಮಗೆಲ್ಲ ಸಂತೋಷವಾದೀತು. ಆದರೆ ಇತಿಹಾಸ ಇಲ್ಲಿಗೆ ನಿಲ್ಲುವುದಿಲ್ಲ. ಮೇಲೆ ಹೇಳಿದ ತಾಟು ಹೊಲವಿದ್ದವರ ತಾಟು, ಅದೂ ಮಳೆಯಾದ ವರ್ಷದ್ದು. ಧಾತು, ಈಶ್ವರ ಸಂವತ್ಸರಗಳ ಬರಗಾಲ, ಅಂದರೆ 1876-78ರದ್ದು, ಧಾರವಾಡ ಜಿಲ್ಲೆಯನ್ನು ಹಿಂಡಿಹಾಕಿತು. ಮಳೆಯಾದ ಕಾಲದಲ್ಲೂ ಕೂಲಿಯವರ ತಾಟಿನಲ್ಲಿ ಕಾಳು, ತಪ್ಪಲು, ಹೈನು ಇರುತ್ತಿರಲಿಲ್ಲ. ರೊಟ್ಟಿ, ಕೆಂಪುಖಾರ ಇಷ್ಟೇ. ಅದರ ಫಲವೇನೆಂದು 1960ರಲ್ಲಿ ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಶ್ರೀಕಂಠಿಯ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಿಗೆ ಪೆಲಾಗ್ರ ಎಂಬ ಬೇನೆ ಬರುತ್ತಿತ್ತು: ಬಿಸಿಲು ತಾಗಿದ ಕೈ, ಕುತ್ತಿಗೆಗಳ ಚರ್ಮ ಕೆಂಪಾಗಿ ಕಪ್ಪಾಗಿ ಸುಲಿಯುವುದು, ಹೊಟ್ಟೆ ಕೆಡುವುದು, ಬುದ್ಧಿ ಮಂಕಾಗುವುದು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದರಿಂದ ದೇಹಕ್ಕೆ ನಯಾಸಿನ್ ಜೀವಸತ್ವ ಒದಗುವುದಿಲ್ಲವೆಂದು ಅವರು ವಾದಿಸಿದರು. ಆ ವಿವರಣೆಯ ಬಗ್ಗೆ ಮುಂದೆ ಚರ್ಚೆಗಳು ನಡೆದವು. ರೋಗ ಮಾತ್ರ ನಿಜವಾಗಿತ್ತು. ಇದೂ ಚರ್ಮದ ಉರಿಯೂತವೇ, ಜೋಳ ತಿಂದವರಿಗೇ ಬಂದದ್ದು! ಜೋಳದ ಪಕ್ಕದಲ್ಲಿ ಹೆಸರು, ಮಡಕಿ, ಮಜ್ಜಿಗೆ ಇದ್ದವರಿಗೆ ಈ ಕಾಟವಿರಲಿಲ್ಲ. ಆದ್ದರಿಂದ “ಹಿರಿಯರ ಊಟ” ಎನ್ನುವವರಿಗೆ ನಾನು ಕೇಳುವುದು, ಯಾವ ಹಿರಿಯರದು?

ಬದಲಾವಣೆ ಹಂತ ಹಂತವಾಗಿ ಬಂತು. 1884ರ ಸುಮಾರಿಗೆ ಗದಗಿಗೆ ರೈಲು ಬಂದು ಹತ್ತಿಯ ವ್ಯಾಪಾರ ಬೆಳೆಯಿತು. ರೊಕ್ಕ ಕೊಡುವ ಬೆಳೆಯೊಡನೆ ಕೊಂಡು ಉಣ್ಣುವ ರೂಢಿಯೂ ಬೆಳೆಯಿತು. 1930ರ ದಶಕದಲ್ಲಿ ಚಹಾದ ಪ್ರಚಾರ ದೇಶದ ಉದ್ದಗಲಕ್ಕೂ ನಡೆಯಿತು. ಚಹಾದ ಬೆನ್ನಿಗೆ ಸಕ್ಕರೆ ಬಂತು. 1964ರಲ್ಲಿ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾಯಿತು. ಇಳುವರಿ ಹೆಚ್ಚಾದರೂ ಅದರ ರೊಟ್ಟಿಯನ್ನು ನಮ್ಮವರು ಬಾಯಲ್ಲಿಟ್ಟು ಮುಖ ಸಿಂಡರಿಸಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು. ಕುಸುಬಿಯ ಗಾಣಗಳು ಒಂದೊಂದಾಗಿ ನಿಂತವು. ಕುಸುಬಿಗೆ ಮುಳ್ಳು ಬೇರೆ, ಕೊಯ್ಲಿಗೆ ಆಳು ಸಿಗುವುದಿಲ್ಲ. ಅಕ್ಕಡಿ ಸಾಲು ಹೋಗಿ ಇಡೀ ಹೊಲಕ್ಕೆ ಮೆಕ್ಕೆಜೋಳವೋ ಬಿ.ಟಿ. ಹತ್ತಿಯೋ ಬಂತು.

2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾಗಿ ಕಿಲೋ ಅಕ್ಕಿ ಒಂದು ರೂಪಾಯಿಗೆ ದೊರೆಯಿತು, ಮುಂದೆ ಉಚಿತವೂ ಆಯಿತು. ಅದನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ. ಹಸಿದ ಮಕ್ಕಳಿಗೆ ಪಾಠ ಹೇಳಿದ ಮಾಸ್ತರನಿಗೆ ತುಂಬಿದ ಹೊಟ್ಟೆಯ ಬೆಲೆ ಗೊತ್ತು. ಆದರೆ ಹಬ್ಬದ ಅನ್ನ ದಿನದ ಅನ್ನವಾಯಿತೆಂಬುದೂ ನಿಜ. ನನ್ನ ತರಗತಿಗಳಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಮೊದಮೊದಲು ರೊಟ್ಟಿ, ಗುರೆಳ್ಳು ಚಟ್ನಿಯ ವಾಸನೆ ಬರುತ್ತಿತ್ತು. ಕೊನೆಯ ವರ್ಷಗಳಲ್ಲಿ ಚಿತ್ರಾನ್ನ, ಬ್ರೆಡ್ಡು, ಬಿಸ್ಕೀಟು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡಾ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ, 35.5ರಷ್ಟು ಜನರಿಗೆ ರಕ್ತದೊತ್ತಡ. ಎಲ್ಲವೂ ಅನ್ನದ ತಪ್ಪಲ್ಲ. ಚಕ್ಕಡಿ ಬಿಟ್ಟು ಮೋಟಾರ್ ಸೈಕಲ್ ಹತ್ತಿದ್ದೂ ಲೆಕ್ಕಕ್ಕೆ ಬರಬೇಕು.

ಊರಿಗೆ ಬಂದಾಗ ಗದಗಿನ ಮಿರ್ಚಿ ಭಜಿ ಬಿಡಬೇಕೇ ಎಂದು ಒಬ್ಬ ವಿದ್ಯಾರ್ಥಿ ಕಾತರದಿಂದ ಕೇಳಿದ್ದಾನೆ. ಖಾರದ ಮೇಲೆ ನನ್ನ ದೂರಿಲ್ಲ. ಬೆಳಗಿನಿಂದ ಕುದಿದ ಅದೇ ಎಣ್ಣೆಯಲ್ಲಿ ಸಂಜೆಯ ಭಜಿಯನ್ನು ತೇಲಿಸುವುದು ಕೆಟ್ಟದ್ದು. ತಾಜಾ ಎಣ್ಣೆಯ ಮೊದಲ ಹಬೆಗೆ ಹೋಗು, ಎರಡು ತಿನ್ನು. ಅರಿಶಿನದ ಗುಳಿಗೆ ಕೊಳ್ಳುವವರಿಗೂ ಒಂದು ಮಾತು: ಅದರ ಸಾರವು ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಅಲ್ಪ. ಪಲ್ಯದಲ್ಲಿ ಚಿಟಿಕೆ ಇರಲಿ, ಅದಕ್ಕೆ ಸಾವಿರ ರೂಪಾಯಿ ಸುರಿಯಬೇಡಿರಿ.

ಮುಂಡರಗಿ ಕಡೆಯ ಬಂಧುಗಳು ಇದನ್ನೂ ಗಮನಿಸಬೇಕು. ಆ ತಾಲೂಕಿನ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಹಲ್ಲು ಕಂದುಗಟ್ಟಿ, ಬೆನ್ನು, ಮೊಣಕಾಲು ಬಿಗಿದುಕೊಂಡರೆ ಅದು ಅನ್ನದಿಂದ ಬಂದ ಉರಿಯೂತವೆಂದು ರೊಟ್ಟಿ ಹಿಡಿದರೆ ಸಾಲದು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು.

ಕಡೆಯದಾಗಿ ರೊಟ್ಟಿ ಬಡಿಯುವವರ ಮಾತು. ರೊಟ್ಟಿ ಹಿಂದೆ ಸರಿದದ್ದಕ್ಕೆ ಅಕ್ಕಿಯಷ್ಟೇ ಕಾರಣ ಹೆಂಗಸರ ದಣಿವು. ನಸುಕಿನಲ್ಲಿ ಎದ್ದು ಬೀಸುವುದು, ಹೊಗೆಯ ಒಲೆಯ ಮುಂದೆ ಹತ್ತಾರು ರೊಟ್ಟಿ ತಟ್ಟುವುದು, ಆಮೇಲೆ ಹೊಲಕ್ಕೆ ಹೋಗುವುದು. ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು. ಸೊಸೆಯಂದಿರು ಅನ್ನ ಆರಿಸಿಕೊಂಡರೆಂದು ಆಕ್ಷೇಪಿಸುವ ಗಂಡಸರು ತಾವೊಮ್ಮೆ ಹಿಟ್ಟು ನಾದಿ ನೋಡಬೇಕು. ಈಗ ನಮ್ಮ ಊರುಗಳಲ್ಲಿ ಅನೇಕ ಮನೆಗಳವರು, ಹೆಚ್ಚಾಗಿ ಹೆಣ್ಣುಮಕ್ಕಳು, ಕಟಕ ರೊಟ್ಟಿ ಮಾಡಿ ಮಾರುತ್ತಾರೆ. ತಿಂಗಳುಗಟ್ಟಲೆ ಕೆಡದ ಈ ರೊಟ್ಟಿ ಬಸ್ಸು ಹತ್ತಿ ಬೆಂಗಳೂರು, ಪುಣೆಗಳಿಗೂ ಹೋಗುತ್ತದೆ. ನೀವು ಕೊಳ್ಳುವಾಗ ಚೌಕಾಸಿ ಮಾಡಬೇಡಿರಿ. ಜೊತೆಗೆ ಅಗಸಿ ಚಟ್ನಿಯನ್ನೂ ಕೇಳಿರಿ; ಕುಟ್ಟಿದ ಅಗಸಿ ಬೇಗ ಕಮಟುತ್ತದೆಯಾದ್ದರಿಂದ ಕಾಲು ಕಿಲೋಗಿಂತ ಹೆಚ್ಚು ಬೇಡ.