ನೀರಿನ ಕಂಪನಿ ರೈತರ ಕೊಟ್ಟಿಗೆಗೆ ಬಂದದ್ದು



ನೀರು ಕೆಡಿಸೋದು ಕಂಪನಿ, ಅನುಭವಿಸೋದು ರೈತ ಎಂದೇ ನಾವು ತಿಳಿದಿದ್ದೇವೆ. ಫ್ರಾನ್ಸ್ ದೇಶದ ವಿಟ್ಟೆಲ್ ಎಂಬ ಊರಲ್ಲಿ ಇದು ತಿರುಗುಮುರುಗಾಯಿತು.

ಅಲ್ಲಿನ ನೆಲದಡಿಯ ಖನಿಜಜಲವನ್ನು ಬಾಟಲಿಗೆ ತುಂಬಿ ಮಾರುವುದು ಕಂಪನಿಯ ಕಸುಬು. ಸುತ್ತಲಿನ ಹೈನುಗಾರರು ಹುಲ್ಲುಗಾವಲು ಮುರಿದು ಮೆಕ್ಕೆಜೋಳ ಹಾಕಿದರು, ಗೊಬ್ಬರ ಸುರಿದರು. 1980ರ ದಶಕದಲ್ಲಿ ಗೊಬ್ಬರದ ನೈಟ್ರೇಟ್ ನೆಲಕ್ಕಿಳಿದು ನೀರಿಗೆ ಸೇರತೊಡಗಿತು. ಅದನ್ನು ಶುದ್ಧಿಮಾಡಿ ಖನಿಜಜಲ ಅಂತ ಮಾರೋಕೆ ಕಾನೂನು ಬಿಡಲಿಲ್ಲ.

ಆಗ ಕಂಪನಿ ಸರ್ಕಾರಿ ಕೃಷಿ ವಿಜ್ಞಾನಿಗಳನ್ನು ಕರೆಸಿತು. ಅವರು 1989ರಿಂದ 4 ವರ್ಷ ಹೊಲ, ಕೊಟ್ಟಿಗೆ ಸುತ್ತಿ ರೈತರ ಕಷ್ಟ ಕೇಳಿದರು. ಕೊನೆಗೆ ಕರಾರಾಯಿತು. ಮೆಕ್ಕೆಜೋಳ ಬಿಡಬೇಕು, ಹುಲ್ಲು ಬೆಳೀಬೇಕು, ಸಗಣಿ ಕಳಿಸಿ ಹಾಕಬೇಕು, ರಾಸಾಯನಿಕ ಮುಟ್ಟಬಾರದು. ಬದಲಿಗೆ ಕಂಪನಿ ಜಮೀನಿನ ಸಾಲದ ಹೊರೆ ಇಳಿಸಿತು, ಕೊಟ್ಟಿಗೆ ಕಟ್ಟಲು ಹಣ ಕೊಟ್ಟಿತು, ಮೊದಲ 5 ವರ್ಷ ಜಮೀನಿನ ಅಳತೆ ಮೇಲೆ ಪರಿಹಾರವನ್ನೂ ಕೊಟ್ಟಿತು. ಕರಾರಿನ ಅವಧಿ 18ರಿಂದ 30 ವರ್ಷ. 2004ರ ಹೊತ್ತಿಗೆ 26 ರೈತ ಕುಟುಂಬಗಳು ಒಪ್ಪಿದ್ದವು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1992ರಲ್ಲಿ ವಿಟ್ಟೆಲ್ಲನ್ನು ಕೊಂಡಿದ್ದ ನೆಸ್ಲೆ ಕಂಪನಿ, ತನ್ನ ಕೆಲವು ಬಾಟಲಿ ನೀರಿಗೆ ನಿಷೇಧಿತ ಶುದ್ಧೀಕರಣ ಮಾಡಿದ್ದಾಗಿ 2024ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷ 20 ಲಕ್ಷ ಯೂರೋ ದಂಡ ತೆರಲೂ ಒಪ್ಪಿತು. ರೈತರ ಹೊಲಕ್ಕೆ ಲೆಕ್ಕ ಇಟ್ಟ ಹಾಗೆ ಕಾರ್ಖಾನೆಗೂ ಲೆಕ್ಕ ನೋಡುವವರು ಬೇಕು ಅನ್ನೋದು ಇದರಿಂದ ತಿಳಿಯುತ್ತದೆ.

ನೀರು ಉಳಿಸುವ ರೈತನಿಗೆ ಆಗುವ ನಷ್ಟ, ಆ ನೀರಿನಿಂದ ಲಾಭ ಪಡೆಯುವವರು ತುಂಬಬೇಕು. ಇದು ನ್ಯಾಯದ ಮಾತು. ಹಾಗೆಯೇ, ನಮ್ಮ ಗೋದಾಮಿನಿಂದ ಹೋಗುವ ಯೂರಿಯಾ ಕೊನೆಗೆ ಯಾರ ಬಾವಿಗೆ ಇಳಿಯುತ್ತೆ ಅಂತ ನಾವೂ ಒಮ್ಮೆ ಕೇಳಿಕೊಳ್ಳೋಣ.