ತಪ್ಪಿಸಿಕೊಂಡ ಪುಕ್ಕಲು ಬೆಕ್ಕಿನ ಶೋಧ

ದತ್ತು ಪಡೆದು ತಂದ ಬೆಕ್ಕು ಹೊಸ ಮನೆಗೂ ಮನೆಮಂದಿಗೂ ಒಗ್ಗಿಕೊಳ್ಳುವ ಮೊದಲೇ ಬಾಗಿಲ ಸಂದಿಯಿಂದಲೋ ಕಿಟಕಿಯಿಂದಲೋ ಬುಟ್ಟಿಯಿಂದಲೋ ನುಸುಳಿ ಹೊರಗೆ ಹೋದಾಗ, ಅದನ್ನು ಪತ್ತೆಹಚ್ಚಿ ಜೀವಸಹಿತ ಹಿಂದಕ್ಕೆ ತರುವ ಕ್ರಮ. ಬೀದಿಯೆಲ್ಲ ಸುತ್ತಿ ರೂಢಿಯಿರುವ ಬೆಕ್ಕು ಒಂದು ರಾತ್ರಿ ಮನೆಗೆ ಬಾರದಿರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಸುತ್ತಾಡುವ ಬೆಕ್ಕಿಗೆ ದಾರಿ ಗೊತ್ತು, ಹಿಂತಿರುಗಬೇಕಾದ ಜಾಗ ಗೊತ್ತು. ನಾಲ್ಕು ದಿನದ ಹಿಂದೆ ಬಂದ ಬೆಕ್ಕಿಗೆ ಒಳಗಿನ ಕೋಣೆಯೂ ಹೊಸದು, ಹೊರಗಿನ ಅಂಗಳವೂ ಹೊಸದು. ಅದು ದೂರ ಓಡಿಹೋಗಿರುವ ಸಂಭವ ಕಡಿಮೆ. ಹತ್ತಿರದಲ್ಲೇ ಎಲ್ಲೋ ಉಸಿರು ಬಿಗಿಹಿಡಿದು ಅವಿತಿರುವ ಸಂಭವವೇ ಹೆಚ್ಚು. ಶೋಧದ ವಿಧಾನವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಕರೆದರೂ ಓಗೊಡದ ಬೆಕ್ಕು

ಬೆಕ್ಕು ಇಲಿ ಹಕ್ಕಿಗಳನ್ನು ಬೇಟೆಯಾಡುವ ಪ್ರಾಣಿಯಾದರೂ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗುವಷ್ಟು ಚಿಕ್ಕದು. ಹೆದರಿದಾಗ ಅದು ಕಂಡುಕೊಂಡಿರುವ ಮುಖ್ಯ ಉಪಾಯ ಎರಡು: ಅವಿತುಕೊಳ್ಳುವುದು, ಸದ್ದು ಮಾಡದಿರುವುದು. ಹಸಿದರೂ ಗಾಯಗೊಂಡರೂ ಅದು ಕೂಗದಿರಬಹುದು, ಏಕೆಂದರೆ ಕೂಗಿದರೆ ನಾಯಿಗೆ ಜಾಗ ಗೊತ್ತಾಗುತ್ತದೆ.

ನೆದರ್‌ಲೆಂಡ್ಸ್‌ನ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಡಗಲು ಒಂದು ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಒತ್ತಡ, ಪೆಟ್ಟಿಗೆ ಸಿಗದವುಗಳಿಗಿಂತ ಬೇಗ ಇಳಿದಿತ್ತು. ಜಪಾನಿನ ಅತ್ಸುಕೊ ಸೈತೊ ಮತ್ತು ಕಜುತಾಕಾ ಶಿನೊಜುಕಾ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಕುಬೆಕ್ಕುಗಳು ಅಪರಿಚಿತರ ದನಿಯ ನಡುವೆ ತಮ್ಮ ಯಜಮಾನರ ದನಿಯನ್ನು ಗುರುತಿಸುತ್ತವೆಂದು ಕಂಡುಬಂತು. ಗುರುತಿಸಿದ್ದಕ್ಕೆ ಸಾಕ್ಷಿ ಅವು ಕಿವಿ ತಲೆ ಹೊರಳಿಸಿದ್ದು ಮಾತ್ರ. ಎದ್ದು ಬರುವ ಗೋಜಿಗೆ ಅವು ಹೋಗಲಿಲ್ಲ. ಮನೆಯೊಳಗೆ ನೆಮ್ಮದಿಯಾಗಿದ್ದ ಬೆಕ್ಕುಗಳ ಪಾಡೇ ಇದು. ಹಾಗಿರುವಾಗ ಯಜಮಾನರ ದನಿಯೇ ಇನ್ನೂ ರೂಢಿಯಾಗದ ಬೆಕ್ಕು ಬೀದಿಯಲ್ಲಿ ಹೆಸರು ಹಿಡಿದು ಕೂಗಿದ ಕೂಡಲೇ ಓಡಿ ಬರಬೇಕೆಂದು ಬಯಸುವಂತಿಲ್ಲ. ಉತ್ತರ ಬರಲಿಲ್ಲವೆಂದರೆ ಬೆಕ್ಕು ಅಲ್ಲಿಲ್ಲ ಎಂದು ಅರ್ಥವಲ್ಲ.

ಎಷ್ಟು ದೂರ, ಎಷ್ಟು ದಿನ

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ 2018ರಲ್ಲಿ ‘ಅನಿಮಲ್ಸ್’ ಪತ್ರಿಕೆಯಲ್ಲಿ ಬಂದದ್ದು. ಆಸ್ಟ್ರೇಲಿಯಾದ ಜ್ಯಾಕಿ ರ‍್ಯಾಂಡ್, ಅಮೆರಿಕದ ಕ್ಯಾಟ್ ಆಲ್ಬ್ರೆಕ್ಟ್ ಮುಂತಾದವರಿದ್ದ ತಂಡ ಕಳೆದುಹೋದ 1,210 ಬೆಕ್ಕುಗಳ ವಿವರವನ್ನು ಅವುಗಳ ಯಜಮಾನರಿಂದ ಪಡೆಯಿತು. ಒಂದು ವರ್ಷದೊಳಗೆ ಸಿಕ್ಕವು ಶೇ. 61. ಏಳು ದಿನದೊಳಗೆ ಜೀವಂತವಾಗಿ ಕೈಸೇರಿದವು ಶೇ. 34. ಮೂರು ತಿಂಗಳ ನಂತರ ಜೀವಂತ ಸಿಕ್ಕವು ಬಹಳ ಕಡಿಮೆ.

ದೂರದ ಲೆಕ್ಕ ಇನ್ನೂ ಉಪಯುಕ್ತ. ಒಟ್ಟಾರೆ ಮುಕ್ಕಾಲು ಪಾಲು ಬೆಕ್ಕುಗಳು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಹೊರಗೆ ಓಡಾಡಿ ಅಭ್ಯಾಸವಿದ್ದವುಗಳಲ್ಲಿ ಮುಕ್ಕಾಲು ಪಾಲು 1,609 ಮೀಟರ್ ವ್ಯಾಪ್ತಿಯಲ್ಲಿದ್ದರೆ, ಮನೆಯೊಳಗೇ ಸಾಕಿದವುಗಳಲ್ಲಿ ಅಷ್ಟೇ ಪಾಲು 137 ಮೀಟರ್ ದಾಟಿರಲಿಲ್ಲ. ಬೆಂಗಳೂರಿನ 30×40 ಅಡಿ ಸೈಟುಗಳ ಬೀದಿಯಲ್ಲಿ 137 ಮೀಟರ್ ಎಂದರೆ ಒಂದು ಸಾಲಿನ ಸುಮಾರು 15 ಮನೆ. ಹುಡುಕುವವರು ಪಕ್ಕದ ಬಡಾವಣೆಗೆ ಸ್ಕೂಟರ್ ಹತ್ತಿ ಹೋಗುವ ಮೊದಲು ಈ 15 ಮನೆಗಳ ಮೂಲೆ ಮೂಲೆಯನ್ನು ನೋಡಿ ಮುಗಿಸಿರಬೇಕು.

ತಾನಾಗಿ ಬರಲಿ ಎಂದು ಕಾಯುವುದಕ್ಕೂ ಆಧಾರವಿಲ್ಲದಿಲ್ಲ. ಅಮೆರಿಕದಲ್ಲಿ 2010ರಲ್ಲಿ ನಡೆದ ದೂರವಾಣಿ ಸಮೀಕ್ಷೆಯಲ್ಲಿ ಕಳೆದುಹೋದ ಬೆಕ್ಕುಗಳ ಪೈಕಿ ಶೇ. 75 ಮರಳಿ ಸಿಕ್ಕಿದ್ದವು, ಸಿಕ್ಕವುಗಳಲ್ಲಿ ಶೇ. 59 ತಾವಾಗಿಯೇ ಮನೆಗೆ ಬಂದಿದ್ದವು. ಆದರೆ ಆ ಲೆಕ್ಕದಲ್ಲಿ ಎಲ್ಲ ಬಗೆಯ ಬೆಕ್ಕುಗಳೂ ಸೇರಿವೆ. ಬೆಕ್ಕಿಗೆ ಮನೆ ಹುಡುಕುವ ಶಕ್ತಿಯಿದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲೂ ಗಟ್ಟಿಯಾಗಿದೆ; ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬಂದ ಬೆಕ್ಕು ಮರುದಿನ ಒಲೆಯ ಮುಂದೆ ಕುಳಿತಿತ್ತೆಂಬ ಕತೆಗಳಿಗೆ ಬರವಿಲ್ಲ. ಅಮೆರಿಕದ ಪ್ರಾಣಿವಿಜ್ಞಾನಿ ಫ್ರಾನ್ಸಿಸ್ ಹೆರಿಕ್ 1922ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಿಬೆಕ್ಕು ಮೈಲಿಗಳ ದೂರದಿಂದ ತನ್ನ ಮರಿಗಳಿದ್ದಲ್ಲಿಗೆ ಹಿಂತಿರುಗಿತ್ತು. ಆ ಬೆಕ್ಕಿಗೆ ಮರಿಗಳಿದ್ದವು, ಒಗ್ಗಿಹೋದ ಮನೆಯಿತ್ತು. ಹೊಸದಾಗಿ ಬಂದ ಬೆಕ್ಕನ್ನು ಹಾಗೆ ಸೆಳೆಯುವ ಮನೆ ಏನಾದರೂ ಇದ್ದರೆ ಅದು ಹಳೆಯದು. ಆದ್ದರಿಂದ ಅದನ್ನು ಮೊದಲು ಸಾಕಿದ್ದವರ ಮನೆ ಹತ್ತಿರದಲ್ಲಿದ್ದರೆ ಅವರಿಗೂ ಸುದ್ದಿ ಮುಟ್ಟಿಸುವುದು ಒಳ್ಳೆಯದು.

ವಿಧಾನ ರೂಪುಗೊಂಡ ಬಗೆ

ಕಳೆದುಹೋದ ಸಾಕುಪ್ರಾಣಿಗಳ ಹುಡುಕಾಟಕ್ಕೆ ಪೊಲೀಸ್ ತನಿಖೆಯ ಶಿಸ್ತನ್ನು ತಂದವರಲ್ಲಿ ಕ್ಯಾಟ್ ಆಲ್ಬ್ರೆಕ್ಟ್ ಪ್ರಮುಖರು. ಅವರು ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿ ಪೊಲೀಸ್ ಸೇವೆಯಲ್ಲಿದ್ದವರು. ವಾಸನೆ ಹಿಡಿಯುವ ನಾಯಿಗಳೊಂದಿಗೆ ಕಾಣೆಯಾದ ಮನುಷ್ಯರನ್ನು ಹುಡುಕುತ್ತಿದ್ದರು. ಅವರದೇ ನಾಯಿ ಕಾಡಿನಲ್ಲಿ ಕಳೆದುಹೋದಾಗ ಮತ್ತೊಂದು ಶೋಧನಾಯಿ ಅದನ್ನು ಪತ್ತೆಹಚ್ಚಿತು. 1997ರಿಂದ ಅವರು ಅದೇ ತಂತ್ರವನ್ನು ಸಾಕುಪ್ರಾಣಿಗಳಿಗೆ ಬಳಸತೊಡಗಿದರು. ಅವರ ‘ದ ಲಾಸ್ಟ್ ಪೆಟ್ ಕ್ರಾನಿಕಲ್ಸ್’ 2004ರಲ್ಲಿ ಪ್ರಕಟವಾಯಿತು.

ಅಂಜುಬುರುಕ ಬೆಕ್ಕು ಮೊದಲ ಕೆಲವು ದಿನ ಕಲ್ಲಿನಂತೆ ಒಂದೇ ಕಡೆ ಕುಳಿತಿದ್ದು, ಹತ್ತು ಹನ್ನೆರಡು ದಿನಗಳ ಹೊತ್ತಿಗೆ ಹಸಿವು ಬಾಯಾರಿಕೆ ತಡೆಯಲಾರದೆ ಹೊರಬರುತ್ತದೆ ಎಂಬುದು ಅವರ ಅನುಭವದಿಂದ ಬಂದ ಮುಖ್ಯ ತಿಳಿವಳಿಕೆ. ಬಹಳ ಮಂದಿ ಆಸೆ ಬಿಡುವುದೂ ಸರಿಯಾಗಿ ಅದೇ ಹೊತ್ತಿಗೆ.

ಮೊದಲ ಸುತ್ತು

ಶೋಧ ಶುರುವಾಗಬೇಕಾದ್ದು ಮನೆಯೊಳಗೆ. ಬೀರುವಿನ ಹಿಂದೆ, ಹಾಸಿಗೆಯ ಅಡಿಯ ಬಟ್ಟೆ ಸೀಳಿ ಅದರೊಳಗೆ, ಸಿಂಕಿನ ಕೆಳಗೆ, ಅಟ್ಟದ ಮೇಲೆ, ವಾಷಿಂಗ್ ಮೆಷಿನ್ನಿನ ಬೆನ್ನಿಗೆ ಹೊಸ ಬೆಕ್ಕು ದಿನಗಟ್ಟಲೆ ಸೇರಿಕೊಂಡಿರುವುದುಂಟು. ಒಳಗಿಲ್ಲವೆಂದು ಖಚಿತವಾದ ಮೇಲೆ ಅದು ಯಾವ ಬಾಗಿಲಿನಿಂದ ಹೋಯಿತೆಂದು ಗುರುತಿಸಿ, ಅಲ್ಲಿಂದ ಗೋಡೆಯನ್ನು ಎಡಕ್ಕೂ ಬಲಕ್ಕೂ ಅನುಸರಿಸಿ ಸಿಗುವ ಮೊದಲ ಸಂದಿಯನ್ನು ನೋಡಬೇಕು. ಹೆದರಿದ ಬೆಕ್ಕು ಬಯಲಿಗಿಂತ ಗೋಡೆಯ ಅಂಚನ್ನೇ ಹಿಡಿದು ಸಾಗುತ್ತದೆ.

ನಗರದಲ್ಲಿ ನೋಡಬೇಕಾದ ಜಾಗಗಳು: ನಿಲ್ಲಿಸಿದ ಕಾರಿನ ಅಡಿ ಮತ್ತು ಬಾನೆಟ್ಟಿನ ಒಳಗೆ, ಮೆಟ್ಟಿಲ ಕೆಳಗಿನ ಗೂಡು, ಜನರೇಟರ್ ಶೆಡ್ಡು, ಸಜ್ಜದ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಚಪ್ಪಡಿ ಮುಚ್ಚಿದ ಮೋರಿ, ಕಟ್ಟುತ್ತಿರುವ ಮನೆಯ ಇಟ್ಟಿಗೆ ರಾಶಿ. ಹಳ್ಳಿಯಲ್ಲಾದರೆ ಸೌದೆ ಒಟ್ಟಿಲು, ಹುಲ್ಲಿನ ಬಣವೆ, ಕೊಟ್ಟಿಗೆಯ ಅಟ್ಟ, ಹಂಚಿನ ಮಾಡಿನ ಸಂದು. ನೆರೆಯವರಿಗೆ ‘ಕಂಡರೆ ಹೇಳಿ’ ಎಂದು ಬಂದರೆ ಸಾಲದು. ಬೆಕ್ಕು ಯಾರಿಗೂ ಕಾಣದಂತೆ ಕುಳಿತಿರುವುದರಿಂದ ಅವರ ಒಪ್ಪಿಗೆ ಪಡೆದು ಕಾಂಪೌಂಡಿನೊಳಗೆ ತಾವೇ ಹೋಗಿ ನೋಡಬೇಕು.

ಹಗಲಿಗಿಂತ ರಾತ್ರಿ ಹತ್ತರ ಮೇಲೆ, ಬೀದಿಯ ಸದ್ದಡಗಿದಾಗ ಹುಡುಕಾಟಕ್ಕೆ ಫಲ ಹೆಚ್ಚು. ಟಾರ್ಚನ್ನು ಸೊಂಟದ ಬಳಿ ಹಿಡಿಯದೆ ಕೆನ್ನೆಗೆ ತಾಗಿಸಿ, ಕಣ್ಣಿನ ಮಟ್ಟದಲ್ಲಿ ಹಿಡಿಯಬೇಕು. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಬಂದ ದಾರಿಗೇ ಮರಳಿಸುವ ಪದರವಿದೆ. ಬೆಳಕೂ ನೋಟವೂ ಒಂದೇ ಗೆರೆಯಲ್ಲಿದ್ದರೆ ಮಾತ್ರ ಕತ್ತಲ ಸಂದಿಯಲ್ಲಿ ಹಸಿರು ಹಳದಿಯ ಎರಡು ಚುಕ್ಕೆ ಹೊಳೆಯುತ್ತವೆ. ನಿಂತು ಬಗ್ಗಿದರೆ ಸಾಲದು, ನೆಲಕ್ಕೆ ಮೈಚಾಚಿ ಮಲಗಿಯೇ ನೋಡಬೇಕು. ಬೆಕ್ಕು ಕಂಡಾಗ ಅದರತ್ತ ನುಗ್ಗಬಾರದು. ಬೆಳಕು ಸರಿಸಿ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ಮೆಲುದನಿಯಲ್ಲಿ ಮಾತಾಡಬೇಕು. ಅಟ್ಟಿಸಿಕೊಂಡು ಹೋದರೆ ಅದು ಆ ಆಶ್ರಯವನ್ನೂ ಬಿಟ್ಟು ಗೊತ್ತಿಲ್ಲದ ಕಡೆಗೆ ಓಡುತ್ತದೆ.

ನೆರವಿಗೆ ಬಂದವರ ಗುಂಪೇ ಕೆಲವೊಮ್ಮೆ ತೊಂದರೆ. ಹತ್ತು ಜನ ಹೆಸರು ಕೂಗುತ್ತ ಬಂದರೆ ಪುಕ್ಕಲು ಬೆಕ್ಕು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಅದಕ್ಕೆ ಪರಿಚಯವಿರುವ ಒಬ್ಬಿಬ್ಬರು ಮಾತ್ರ ಹುಡುಕಿ, ಉಳಿದವರು ಸಿ.ಸಿ.ಟಿ.ವಿ. ದೃಶ್ಯ ನೋಡುವುದು, ಭಿತ್ತಿಪತ್ರ ಅಂಟಿಸುವುದು, ಕಾವಲುಗಾರರು, ಹಾಲು ಹಾಕುವವರು, ಬೀದಿ ಗುಡಿಸುವವರನ್ನು ವಿಚಾರಿಸುವುದು ಮೇಲು.

ಬಹುಮಹಡಿ ಕಟ್ಟಡಗಳಲ್ಲಿ ಬಾಲ್ಕನಿಯ ಕೆಳಭಾಗವನ್ನು ಮೊದಲು ನೋಡಬೇಕು. ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದರ ವೈದ್ಯರು ಮೇಲಿನ ಮಹಡಿಗಳಿಂದ ಬಿದ್ದ 132 ಬೆಕ್ಕುಗಳ ವಿವರವನ್ನು 1987ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದ್ದವು. ಬಿದ್ದ ಬೆಕ್ಕು ಸತ್ತೇ ಹೋಗಿರುತ್ತದೆ ಎಂದುಕೊಳ್ಳಬಾರದು. ಪೆಟ್ಟು ತಿಂದ ಬೆಕ್ಕು ಹತ್ತಿರದ ಪೊದೆಗೋ ಕಾರಿನಡಿಗೋ ತೆವಳಿ ಸೇರಿರಬಹುದು.

ಊಟ, ಕ್ಯಾಮೆರಾ, ಬೋನು

ಜಾಗ ಅಂದಾಜಾದ ಮೇಲೆ ನಿತ್ಯ ಒಂದೇ ಹೊತ್ತಿಗೆ, ಒಂದೇ ಕಡೆ ಸ್ವಲ್ಪ ಊಟ ಇಡಬೇಕು. ಮೀನು, ಬೇಯಿಸಿದ ಕೋಳಿಯಂಥ ವಾಸನೆಯ ಪದಾರ್ಥ ಒಳ್ಳೆಯದು. ತಿಂದವರು ಯಾರೆಂದು ತಿಳಿಯಲು ಹಳೆಯ ಮೊಬೈಲಿನ ಕ್ಯಾಮೆರಾ ಸಾಕು. ಅದೂ ಇಲ್ಲದಿದ್ದರೆ ತಟ್ಟೆಯ ಸುತ್ತ ತೆಳುವಾಗಿ ಹಿಟ್ಟು ಉದುರಿಸಬಹುದು: ಬೆಕ್ಕಿನ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತಿರುವುದಿಲ್ಲ, ನಾಯಿಯದರಲ್ಲಿ ಇರುತ್ತದೆ. ಬೆಕ್ಕಿನ ಮಲದ ತಟ್ಟೆಯನ್ನು ಹೊರಗಿಡಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆ ವಾಸನೆಗೆ ಬೀದಿಯ ಗಂಡುಬೆಕ್ಕುಗಳು ಬಂದು ಪುಕ್ಕಲು ಬೆಕ್ಕನ್ನು ಓಡಿಸಿಬಿಡುವ ಅಪಾಯವಿರುವುದರಿಂದ ಅನುಭವಿಗಳಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ.

ಕೈಗೆ ಬಾರದ ಬೆಕ್ಕಿಗೆ ಬೋನೇ ದಾರಿ. ಬೀದಿನಾಯಿ, ಬೀದಿಬೆಕ್ಕುಗಳ ಸಂತಾನಹರಣ ನಡೆಸುವ ಪ್ರಾಣಿದಯಾ ಸಂಘಗಳ ಬಳಿ ಇಂಥ ಬೋನುಗಳು ಇರುವುದುಂಟು. ಬೆಕ್ಕಿನ ಕಾಲಿಗೆ ತಂತಿ ತಾಗದಂತೆ ತಳಕ್ಕೆ ದಿನಪತ್ರಿಕೆ ಹಾಸಿ, ಮೇಲೆ ಬಟ್ಟೆ ಹೊದಿಸಿ, ಊಟವನ್ನು, ತುಳಿದರೆ ಬಾಗಿಲು ಮುಚ್ಚಿಸುವ ಒತ್ತುಹಲಗೆಯ ಆಚೆ ತುದಿಯಲ್ಲಿಡಬೇಕು. ಆ ರಾತ್ರಿ ಸುತ್ತಮುತ್ತ ಬೇರೆಲ್ಲೂ ಊಟ ಇರಬಾರದು. ಬಿಸಿಲಿನಲ್ಲಾಗಲಿ ಮಳೆಯಲ್ಲಾಗಲಿ ಬೋನನ್ನು ಒಡ್ಡಿ ಮರೆತುಬಿಡುವಂತಿಲ್ಲ. ಸಿಕ್ಕಿಬಿದ್ದ ಪ್ರಾಣಿಯನ್ನು ಬೀದಿನಾಯಿಗಳು ಮುತ್ತದಂತೆ ಯಾರಾದರೂ ಕಾಯುತ್ತಿರಬೇಕು.

ದಾಖಲಾದ ಪ್ರಕರಣಗಳು

2011ರ ಆಗಸ್ಟ್ 25ರಂದು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಜ್ಯಾಕ್ ಎಂಬ ಬೆಕ್ಕು ಗೂಡಿನಿಂದ ತಪ್ಪಿಸಿಕೊಂಡಿತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಎರಡು ತಿಂಗಳ ಮೇಲೆ ಅದು ಅದೇ ನಿಲ್ದಾಣದ ಕಸ್ಟಮ್ಸ್ ವಿಭಾಗದ ಚಾವಣಿಯಿಂದ ಕೆಳಕ್ಕೆ ಬಿತ್ತು. ಅಷ್ಟರಲ್ಲಿ ದೇಹ ತೀರಾ ಸೊರಗಿ ಹೋಗಿತ್ತು. ನವೆಂಬರಿನಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. 2022ರ ಜೂನಿನಲ್ಲಿ ಜರ್ಮನಿಯಿಂದ ಬಂದ ರೌಡಿ ಎಂಬ ಕಪ್ಪು ಬೆಕ್ಕು ಬಾಸ್ಟನ್ನಿನ ಲೋಗನ್ ನಿಲ್ದಾಣದಲ್ಲಿ ಇದೇ ರೀತಿ ತಪ್ಪಿಸಿಕೊಂಡಾಗ ಸಿಬ್ಬಂದಿ ಕ್ಯಾಮೆರಾ, ಬೋನು ಎರಡನ್ನೂ ಒಡ್ಡಿದರು. ಮೂರು ವಾರಗಳ ಹೊತ್ತಿಗೆ ಅದು ನಿಲ್ದಾಣದಲ್ಲೇ ಸಿಕ್ಕಿತು.

ಇರಾಕಿನ ಮೋಸುಲ್‌ನಿಂದ ಹೊರಟ ನಿರಾಶ್ರಿತ ಕುಟುಂಬವೊಂದರ ಕುಂಕುಶ್ ಎಂಬ ಬಿಳಿ ಬೆಕ್ಕು 2015ರಲ್ಲಿ ಗ್ರೀಸಿನ ಲೆಸ್ಬೋಸ್ ದ್ವೀಪದಲ್ಲಿ ದೋಣಿ ಇಳಿಯುವಾಗ ಓಡಿಹೋಯಿತು. ಕುಟುಂಬ ಮುಂದಕ್ಕೆ ಸಾಗಿತು. ಸ್ವಯಂಸೇವಕರು ಬೆಕ್ಕನ್ನು ಅದೇ ದ್ವೀಪದಲ್ಲಿ ಕಂಡು, ಯಜಮಾನರನ್ನು ಅಂತರ್ಜಾಲದಲ್ಲಿ ಹುಡುಕಿ, 2016ರ ಫೆಬ್ರುವರಿಯಲ್ಲಿ ನಾರ್ವೆಗೆ ತಲುಪಿಸಿದರು. ಇದಕ್ಕೆ ವ್ಯತಿರಿಕ್ತವಾದದ್ದು ಫ್ಲಾರಿಡಾದ ಹಾಲಿ ಎಂಬ ಬೆಕ್ಕಿನದು. 2012ರ ನವೆಂಬರಿನಲ್ಲಿ ಡೇಟೋನಾ ಬೀಚಿನಲ್ಲಿ ಕಳೆದುಹೋದ ಅದು ಎರಡು ತಿಂಗಳಲ್ಲಿ ಸುಮಾರು 300 ಕಿ.ಮೀ. ದೂರದ ತನ್ನೂರು ವೆಸ್ಟ್ ಪಾಮ್ ಬೀಚಿಗೆ ಸವೆದ ಪಾದಗಳೊಂದಿಗೆ ಬಂದು ಸೇರಿತು. ಅದೇ ಬೆಕ್ಕು ಎಂದು ಖಚಿತವಾದದ್ದು ಚರ್ಮದಡಿಯಲ್ಲಿದ್ದ ಮೈಕ್ರೋಚಿಪ್ಪಿನಿಂದ.

ಗುರುತು ಮತ್ತು ಪ್ರಕಟಣೆ

ಮೈಕ್ರೋಚಿಪ್ ಅಕ್ಕಿಕಾಳಿನ ಗಾತ್ರದ ಸಾಧನ; ಅಂತರರಾಷ್ಟ್ರೀಯ ಮಾನದಂಡದಂತೆ ಅದರಲ್ಲಿ 15 ಅಂಕಿಗಳ ಸಂಖ್ಯೆ ಇರುತ್ತದೆ. ಅದು ಬೆಕ್ಕು ಎಲ್ಲಿದೆಯೆಂದು ತೋರಿಸುವುದಿಲ್ಲ, ಯಾರದೆಂದು ಹೇಳುತ್ತದೆ ಅಷ್ಟೆ. ಅಮೆರಿಕದ ಆಶ್ರಯಧಾಮಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿಗೆ ಬಂದ ಬೀಡಾಡಿ ಬೆಕ್ಕುಗಳಲ್ಲಿ ಯಜಮಾನರನ್ನು ಸೇರಿದವು ಶೇ. 1.8 ಮಾತ್ರ; ಚಿಪ್ ಇದ್ದವುಗಳಲ್ಲಿ ಶೇ. 38.5. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕಿಗೆ ಚಿಪ್ ಕಡ್ಡಾಯ.

ಅಮೆರಿಕದ ಓಹಾಯೊ ರಾಜ್ಯದಲ್ಲಿ ಕಳೆದುಹೋದ ಬೆಕ್ಕುಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವಾಗಿ ಬಂದವುಗಳನ್ನು ಬಿಟ್ಟರೆ ಹೆಚ್ಚು ಬೆಕ್ಕುಗಳು ಸಿಕ್ಕಿದ್ದು ಬೀದಿಯಲ್ಲಿ ಅಂಟಿಸಿದ ಪ್ರಕಟಣೆಗಳಿಂದ. ದೊಡ್ಡ ಅಕ್ಷರ, ಗಾಢ ಬಣ್ಣದ ಕಾಗದ, ಒಂದು ಫೋಟೊ, ಒಂದು ದೂರವಾಣಿ ಸಂಖ್ಯೆ ಇದ್ದರೆ ಸಾಕು. ‘ಹಿಡಿಯಲು ಹೋಗಬೇಡಿ, ಫೋನ್ ಮಾಡಿ’ ಎಂಬ ಸಾಲು ಇರಲೇಬೇಕು. ಬೆಕ್ಕಿನ ಯಾವುದಾದರೂ ಒಂದು ಗುರುತನ್ನು ಪ್ರಕಟಿಸದೆ ಉಳಿಸಿಕೊಂಡರೆ, ಹಣ ಕೇಳುವ ಸುಳ್ಳು ಕರೆಗಳನ್ನು ಪತ್ತೆಮಾಡಲು ಅನುಕೂಲ.

ಸಿಕ್ಕ ಮೇಲೆ

ಹಲವು ದಿನ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೆ ಕುತ್ತಾಗಬಹುದು. ಮೈತುಂಬಿದ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಒಮ್ಮೆಲೇ ಹೊಟ್ಟೆತುಂಬ ತಿನ್ನಿಸದೆ ಸ್ವಲ್ಪ ಸ್ವಲ್ಪವೇ ಕೊಟ್ಟು ಪಶುವೈದ್ಯರಿಗೆ ತೋರಿಸಬೇಕು. ಬಳಿಕ ಅದನ್ನು ಕಿಟಕಿ ಭದ್ರವಾಗಿರುವ ಒಂದೇ ಕೋಣೆಯಲ್ಲಿ, ಅಡಗಲು ರಟ್ಟಿನ ಪೆಟ್ಟಿಗೆಯೊಂದಿಗೆ ಇಡುವುದು ಕ್ರಮ. ನಿಜಕ್ಕೆ ಈ ಏರ್ಪಾಡು ಬೆಕ್ಕು ಮನೆಗೆ ಕಾಲಿಟ್ಟ ಮೊದಲ ದಿನವೇ ಆಗಬೇಕು. ಬಾಲ್ಕನಿಗೆ ಬಲೆ, ಕೊರಳಿಗೆ ದೂರವಾಣಿ ಸಂಖ್ಯೆಯ ಪಟ್ಟಿ, ಚಿಪ್ ಕೂಡ ಹಾಗೆಯೇ.

ಹೀಗಿದ್ದೂ ಬೆಕ್ಕು ತಪ್ಪಿಸಿಕೊಂಡರೆ ದತ್ತು ಕೊಟ್ಟ ಸಂಸ್ಥೆಗೋ ವ್ಯಕ್ತಿಗೋ ಅದೇ ದಿನ ತಿಳಿಸಬೇಕು. ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಹಲವರು ಈ ಕರೆಯನ್ನು ಮುಂದೂಡುತ್ತಾರೆ. ಆದರೆ ಆ ಬೆಕ್ಕಿಗೆ ಹೆಚ್ಚು ಪರಿಚಯವಿರುವ ದನಿ, ವಾಸನೆ ಅವರದೇ, ಬೋನೂ ಅನುಭವವೂ ಅವರ ಬಳಿಯೇ ಇರಬಹುದು.