ಕಚೇರಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದರ ಡೇಟಾ, ಸೆಟ್ಟಿಂಗ್ಸ್ ಕಳೆದುಹೋಗದಂತೆ ಸಾಗಿಸುವುದು ಹೇಗೆ?

ವಿಶಾಖಪಟ್ಟಣ/ವಿಜಯವಾಡ: 2025ರ ಅಕ್ಟೋಬರ್ 14ರಂದು ವಿಶಾಖಪಟ್ಟಣದ ಹೆಸರು ದೇಶದ ಎಲ್ಲ ಸುದ್ದಿವಾಹಿನಿಗಳಲ್ಲೂ ಕೇಳಿಬಂತು. ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಅಲ್ಲಿ ಎಐ ಹಬ್ ಕಟ್ಟುವುದಾಗಿ ಗೂಗಲ್ ಘೋಷಿಸಿದ ದಿನವದು. ಅದೇ ದಿನ ಇನ್ನೊಂದು ಗಡುವೂ ಮುಗಿದಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ ನಿಂತುಹೋಯಿತು. ವಿಶಾಖಪಟ್ಟಣದ ಬಂದರಿನ ಸುತ್ತಲಿನ ಕಸ್ಟಮ್ಸ್ ಬ್ರೋಕರ್ ಕಚೇರಿಗಳಿಗೂ, ವಿಜಯವಾಡದ ಒನ್ ಟೌನ್ ಬಟ್ಟೆ ಅಂಗಡಿಗಳ ಲೆಕ್ಕದ ಮೇಜಿಗೂ, ಬೆಂಗಳೂರು, ಹುಬ್ಬಳ್ಳಿ, ರಾಯಚೂರಿನ ಸಣ್ಣ ಕಚೇರಿಗಳಿಗೂ ನೇರವಾಗಿ ತಟ್ಟಿದ್ದು ಈ ಎರಡನೇ ಸುದ್ದಿಯೇ.

ಕಾರಣ ಸರಳ. ವಿಂಡೋಸ್ 11 ಹಾಕಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಚಿಪ್, ಸೆಕ್ಯೂರ್ ಬೂಟ್, ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. 2017ಕ್ಕಿಂತ ಮೊದಲು ಕೊಂಡ ಬಹುಪಾಲು ಯಂತ್ರಗಳು ಇಲ್ಲೇ ಸೋಲುತ್ತವೆ. ಹಣ ಕೊಟ್ಟು ಅಪ್‌ಡೇಟ್ ಮುಂದುವರಿಸುವ ದಾರಿ ಇದೆ. ಸಂಸ್ಥೆಗಳಿಗೆ ಮೊದಲ ವರ್ಷ ಪ್ರತಿ ಕಂಪ್ಯೂಟರ್‌ಗೆ 61 ಡಾಲರ್, ನಂತರ ಪ್ರತಿ ವರ್ಷ ಅದರ ದುಪ್ಪಟ್ಟು, ಗರಿಷ್ಠ ಮೂರು ವರ್ಷ. ಲೆಕ್ಕ ಹಾಕಿ ನೋಡಿದರೆ ಹೆಚ್ಚಿನ ಸಣ್ಣ ಕಚೇರಿಗಳಿಗೆ ಹೊಸ ಯಂತ್ರವೇ ವಾಸಿ ಅನಿಸುತ್ತದೆ.

ಹೊಸದನ್ನು ಕೊಳ್ಳುವುದು ಒಂದು ದಿನದ ಕೆಲಸ. ಹಳೆಯದರಲ್ಲಿ ಐದಾರು ವರ್ಷ ಕೂತು ಕೆಲಸ ಮಾಡಿದವರ ಕಡತ, ಮೇಲ್, ಪಾಸ್‌ವರ್ಡ್, ಫಾಂಟ್, ಲೈಸೆನ್ಸ್ ಎಲ್ಲವನ್ನೂ ಹೊಸದಕ್ಕೆ ತರುವುದು ಮಾತ್ರ ಅಷ್ಟು ಸಲೀಸಲ್ಲ.

ಎರಡು ನಗರ, ಎರಡು ಪಾಠ

ಕಂಪ್ಯೂಟರ್ ಬದಲಿಸುವ ಕಾಲ ಯಾವಾಗಲೂ ಗಡುವು ಹೇಳಿ ಬರುವುದಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಬಳಿಯೇ ದಡ ಅಪ್ಪಳಿಸಿತು. ವಿದ್ಯುತ್, ದೂರವಾಣಿ ಸಂಪರ್ಕ ದಿನಗಟ್ಟಲೆ ಕಡಿದುಹೋಯಿತು. ಹತ್ತು ವರ್ಷಗಳ ನಂತರ, 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡದ ಸರದಿ. ಬುಡಮೇರು ಹಳ್ಳ ಉಕ್ಕಿ ಅಜಿತ್ ಸಿಂಗ್ ನಗರದಂತಹ ಬಡಾವಣೆಗಳು ಹಲವು ದಿನ ನೀರಿನಲ್ಲಿ ನಿಂತವು. ಆಗಲೇ ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ಪ್ರವಾಹ ಹರಿಯುತ್ತಿತ್ತು. ನೆಲಮಹಡಿಯ ಕಚೇರಿಯಲ್ಲಿ ಸಿಪಿಯು ಇರುವುದು ಮೇಜಿನ ಕೆಳಗೆ. ನೀರು ಮೊದಲು ಮುಟ್ಟುವುದೂ ಅದನ್ನೇ.

ಹಾಗೆ ನೆನೆದ ಯಂತ್ರವನ್ನು 'ಆನ್ ಆಗುತ್ತದೋ ನೋಡೋಣ' ಎಂದು ಸ್ವಿಚ್ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಳಗಿನ ತೇವ, ಕೆಸರಿನಿಂದ ಶಾರ್ಟ್ ಆಗಿ ಉಳಿಯಬಹುದಾಗಿದ್ದ ಡಿಸ್ಕ್ ಕೂಡ ಹಾಳಾಗುತ್ತದೆ. ಹೇರ್ ಡ್ರೈಯರ್ ಬಿಸಿಯೂ ಬೇಡ. ಡಿಸ್ಕನ್ನು ಇದ್ದ ಸ್ಥಿತಿಯಲ್ಲೇ ಡೇಟಾ ರಿಕವರಿ ಮಾಡುವವರಿಗೆ ಕೊಡುವುದು ಸರಿ. ಆದರೆ ಅದು ದುಬಾರಿ, ಖಾತರಿಯೂ ಇಲ್ಲ.

ವಿಶಾಖಪಟ್ಟಣ ಮತ್ತು ವಿಜಯವಾಡದ ನಡುವೆ ಸುಮಾರು 350 ಕಿಲೋಮೀಟರ್ ಅಂತರವಿದೆ. ಹುದ್‌ಹುದ್ ಹೊಡೆತ ಬಿದ್ದದ್ದು ವಿಶಾಖಪಟ್ಟಣಕ್ಕೆ, ಬುಡಮೇರು ಮುಳುಗಿಸಿದ್ದು ವಿಜಯವಾಡವನ್ನು. ಎರಡೂ ಕಡೆ ಶಾಖೆ ಇರುವ ಸಂಸ್ಥೆಗೆ ಒಂದು ಊರಿನ ಬ್ಯಾಕಪ್ ಇನ್ನೊಂದು ಊರಿನಲ್ಲಿ ಇಡುವುದಕ್ಕಿಂತ ಅಗ್ಗದ ವಿಮೆ ಬೇರೆ ಇಲ್ಲ. ಬ್ಯಾಕಪ್ ಡಿಸ್ಕ್ ಅದೇ ಮೇಜಿನ ಡ್ರಾಯರ್‌ನಲ್ಲಿದ್ದರೆ ಪ್ರವಾಹಕ್ಕೆ ಅದೂ ಆಹುತಿ.

'ಎಲ್ಲಾ ಕಾಪಿ ಮಾಡಿದ್ದೀನಿ ಸಾರ್' ಎಂದಾಗ ಉಳಿದುಹೋಗುವುದೇನು?

ಸಾಮಾನ್ಯವಾಗಿ ನಡೆಯುವುದು ಇಷ್ಟು. ರಿಪೇರಿಗೆ ಬಂದವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ಮತ್ತು ಡಿ ಡ್ರೈವ್ ಕಾಪಿ ಮಾಡಿ, ಹಳೆಯದನ್ನು ಅಲ್ಲೇ ಫಾರ್ಮ್ಯಾಟ್ ಮಾಡಿ ಹೋಗುತ್ತಾರೆ. ವಾರದ ನಂತರ ಒಂದೊಂದಾಗಿ ಕೊರತೆ ಗೊತ್ತಾಗುತ್ತದೆ.

ವಿಂಡೋಸ್‌ನಲ್ಲಿ ಪ್ರತಿ ಬಳಕೆದಾರನ ಹೆಸರಿನ ಫೋಲ್ಡರ್ ಒಳಗೆ 'ಆ್ಯಪ್‌ಡೇಟಾ' ಎಂಬ ಇನ್ನೊಂದು ಫೋಲ್ಡರ್ ಅಡಗಿರುತ್ತದೆ. ಮಾಮೂಲಿಯಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ಔಟ್‌ಲುಕ್‌ನ ಸಹಿಗಳು, ವರ್ಡ್‌ನ ಟೆಂಪ್ಲೇಟ್, ಎಕ್ಸೆಲ್‌ನಲ್ಲಿ ಸ್ವಂತಕ್ಕೆ ಬರೆದುಕೊಂಡ ಮ್ಯಾಕ್ರೋ, ಪರದೆಯ ಮೇಲಿನ ಹಳದಿ ಸ್ಟಿಕಿ ನೋಟ್‌ಗಳು, ಬ್ರೌಸರ್‌ನ ಬುಕ್‌ಮಾರ್ಕ್‌ಗಳು ಇರುವುದು ಅಲ್ಲೇ. ಎಷ್ಟೋ ಕಚೇರಿಗಳಲ್ಲಿ ಗ್ರಾಹಕರ ಫೋನ್ ನಂಬರ್‌ಗಳು ಸ್ಟಿಕಿ ನೋಟ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

ಪಾಸ್‌ವರ್ಡ್ ವಿಚಾರ ಇನ್ನೂ ತೊಡಕು. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ವಿಂಡೋಸ್ ಆ ಬಳಕೆದಾರನ ಲಾಗಿನ್‌ಗೆ ಕಟ್ಟಿ ಗೂಢಲಿಪಿಯಲ್ಲಿ ಇಡುತ್ತದೆ. ಫೋಲ್ಡರ್ ಪೂರ್ತಿ ಕಾಪಿ ಮಾಡಿದರೂ ಹೊಸ ಯಂತ್ರದಲ್ಲಿ ಅವು ತೆರೆಯುವುದಿಲ್ಲ. ಹಳೆಯದು ಜೀವಂತ ಇರುವಾಗಲೇ ಕಚೇರಿಯ ಖಾತೆಯಿಂದ ಸಿಂಕ್ ಮಾಡಬೇಕು, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಎಕ್ಸ್‌ಪೋರ್ಟ್ ಫೈಲ್‌ನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವಂತೆ ಇರುತ್ತವೆ, ಕೆಲಸ ಮುಗಿದ ತಕ್ಷಣ ಅಳಿಸಿಬಿಡಿ. ಉದ್ಯೋಗಿಯ ಸ್ವಂತ ಜಿಮೇಲ್‌ಗೆ ಕಚೇರಿಯ ಬ್ಯಾಂಕ್ ಪಾಸ್‌ವರ್ಡ್ ಸಿಂಕ್ ಆಗಿದ್ದರೆ ಅದನ್ನು ಬಿಡಿಸಲು ಇದೇ ಸುಸಮಯ.

ಮೇಲ್: ಸರ್ವರ್‌ನಲ್ಲಿದೆಯೋ, ಯಂತ್ರದಲ್ಲಿದೆಯೋ?

ಔಟ್‌ಲುಕ್ ಬಳಸುವ ಕಚೇರಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಖಾತೆ ಐಮ್ಯಾಪ್ ಅಥವಾ ಎಕ್ಸ್‌ಚೇಂಜ್ ಆಗಿದ್ದರೆ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಹೊಸ ಯಂತ್ರದಲ್ಲಿ ಲಾಗಿನ್ ಆದರೆ ತಾನಾಗಿ ಇಳಿಯುತ್ತದೆ. ಅಂತಹ ಖಾತೆಯ 'ಓಎಸ್‌ಟಿ' ಫೈಲ್ ಕಾಪಿ ಮಾಡಿ ಉಪಯೋಗವಿಲ್ಲ. ಹಳೆಯ ಕಾಲದ ಪಾಪ್ ಖಾತೆಯಾದರೆ ಕಥೆಯೇ ಬೇರೆ. ಮೇಲ್ ಯಂತ್ರಕ್ಕೆ ಇಳಿದು, ಕೆಲವು ದಿನಗಳ ನಂತರ ಸರ್ವರ್‌ನಿಂದ ಅಳಿದಿರುತ್ತದೆ. ಐದು ವರ್ಷದ ಪತ್ರವ್ಯವಹಾರ ಇಡೀ ಲೋಕದಲ್ಲಿ ಇರುವುದು ಆ ಒಂದು 'ಪಿಎಸ್‌ಟಿ' ಫೈಲ್‌ನಲ್ಲಿ ಮಾತ್ರ.

ಅದನ್ನು ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗ ಇದ್ದರೂ 'ಫೈಲ್ ದೊಡ್ಡದಾಗಿದೆ' ಎಂಬ ಸಂದೇಶ ಬರಬಹುದು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರದು. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಕಾಪಿ ಮಾಡುವ ಮುನ್ನ ಔಟ್‌ಲುಕ್ ಮುಚ್ಚಿರಬೇಕು.

ಡಿಎಸ್‌ಸಿ, ಟ್ಯಾಲಿ: ಇಲ್ಲಿ ಎಡವಿದರೆ ದಂಡ

ವಿಶಾಖಪಟ್ಟಣದ ಬಂದರಿನಲ್ಲಿ ಸರಕು ಇಳಿಸುವ, ಏರಿಸುವ ದಾಖಲೆಗಳು ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಪೋರ್ಟಲ್‌ಗೆ ಡಿಜಿಟಲ್ ಸಹಿಯೊಂದಿಗೆ ಹೋಗಬೇಕು. ಜಿಎಸ್‌ಟಿಯಲ್ಲೂ ಕಂಪನಿಗಳಿಗೆ ಡಿಎಸ್‌ಸಿ ಬೇಕು. ಹೊಸ ಯಂತ್ರದಲ್ಲಿ ಸಹಿ ಬೀಳದಿದ್ದರೆ ಕಂಟೇನರ್ ನಿಂತಲ್ಲೇ ನಿಲ್ಲುತ್ತದೆ, ರಿಟರ್ನ್ ತಡವಾಗುತ್ತದೆ.

ಡಿಎಸ್‌ಸಿಯ ಗುಪ್ತ ಕೀಲಿ ಇರುವುದು ಯುಎಸ್‌ಬಿ ಟೋಕನ್ ಒಳಗೆ. ಅದು ಕಂಪ್ಯೂಟರ್‌ನಲ್ಲಿ ಇಲ್ಲ, ಕಾಪಿ ಮಾಡಲೂ ಬರುವುದಿಲ್ಲ. ಹಾಗಾಗಿ ಸಾಗಿಸುವಂಥದ್ದು ಏನೂ ಇಲ್ಲ. ಟೋಕನ್ ತಯಾರಕರ ಡ್ರೈವರ್ ಮತ್ತು ಪೋರ್ಟಲ್ ಕೇಳುವ ಸಹಿ ತಂತ್ರಾಂಶ (ಜಿಎಸ್‌ಟಿಗೆ ಎಂಸೈನರ್) ಹೊಸ ಯಂತ್ರದಲ್ಲಿ ಹಾಕಿದರೆ ಸಾಕು. ಅಪಾಯ ಇರುವುದು ಗಡಿಬಿಡಿಯಲ್ಲಿ. ಟೋಕನ್ ಕಾಣಿಸುತ್ತಿಲ್ಲ ಎಂದು ಅದರ ತಂತ್ರಾಂಶದಲ್ಲಿ 'ಇನಿಷಿಯಲೈಸ್' ಒತ್ತಿದರೆ ಸರ್ಟಿಫಿಕೇಟ್ ಅಳಿದುಹೋಗುತ್ತದೆ. ಮತ್ತೆ ಹಣ ಕೊಟ್ಟು, ಗುರುತಿನ ಪರಿಶೀಲನೆ ಮುಗಿಸಿ ಹೊಸದನ್ನೇ ಪಡೆಯಬೇಕು. ಪಿನ್ ಮರೆತು ಪದೇ ಪದೇ ತಪ್ಪು ಒತ್ತಿದರೂ ಟೋಕನ್ ಲಾಕ್ ಆಗುತ್ತದೆ.

ಟ್ಯಾಲಿಯಲ್ಲಿ ಎರಡು ಹೆಜ್ಜೆ ಬೇರೆಬೇರೆ. ಡೇಟಾವನ್ನು ಟ್ಯಾಲಿಯ ಒಳಗಿನ ಬ್ಯಾಕಪ್ ಆಯ್ಕೆಯಿಂದಲೇ ತೆಗೆದು ಹೊಸದರಲ್ಲಿ ರಿಸ್ಟೋರ್ ಮಾಡಬೇಕು. ಲೈಸೆನ್ಸನ್ನು ಹಳೆಯ ಯಂತ್ರದಲ್ಲಿ ಸರೆಂಡರ್ ಮಾಡಿ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಬೇಕು. ಸರೆಂಡರ್ ಮಾಡದೆ ಹಳೆಯದನ್ನು ಫಾರ್ಮ್ಯಾಟ್ ಮಾಡಿದವರು ಸಹಾಯವಾಣಿಗೆ ಫೋನ್ ಹಚ್ಚಿ ಕೂರುತ್ತಾರೆ. ಇನ್ನೊಂದು ಎಚ್ಚರಿಕೆ: ಹೊಸ ಆವೃತ್ತಿಗೆ ಬದಲಾದ ಡೇಟಾ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಹಳೆಯ ರೂಪದ ಪ್ರತಿಯೊಂದನ್ನು ಮುಟ್ಟದೆ ಎತ್ತಿಡಿ.

ಜಿಎಸ್‌ಟಿಆರ್-1ಕ್ಕೆ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಎಂಬುದು ಮಾಸಿಕ ರಿಟರ್ನ್ ಸಲ್ಲಿಸುವವರ ಗಡುವು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆ ಬಾಕಿಯಿದ್ದರೆ ಅದರ ಮೇಲೆ ಬಡ್ಡಿ. ಯಂತ್ರ ಬದಲಿಸಲು 21ನೇ ತಾರೀಖು ಒಳ್ಳೆಯದು, 9ನೇ ತಾರೀಖು ಬೇಡ.

ನುಡಿ, ಅನು ಫಾಂಟ್‌ಗಳ ಫಜೀತಿ

ಕರ್ನಾಟಕದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಆಂಧ್ರದಲ್ಲಿ ಇದೇ ಪಾಡು ಅನು ಫಾಂಟ್‌ಗಳದ್ದು. ಮುದ್ರಣಾಲಯ, ಡಿಟಿಪಿ ಅಂಗಡಿಗಳ ತೆಲುಗು ಕಡತಗಳಲ್ಲಿ ಬಹಳಷ್ಟು ಅದರಲ್ಲೇ ಇವೆ. ಕಡತ ಹಾಳಾಗಿಲ್ಲ, ಫಾಂಟ್ ಬಂದಿಲ್ಲ ಅಷ್ಟೇ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರ್ ಕೂಡ ಕಾಪಿ ಪಟ್ಟಿಯಲ್ಲಿರಲಿ. ಬೆರಳಿಗೆ ಅಭ್ಯಾಸವಾದ ಕೀಲಿಮಣೆ ವಿನ್ಯಾಸ ಯಾವುದೆಂದು ಟೈಪಿಸ್ಟ್‌ರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿದರೆ ಮುಂದಿನ ಸಲ ಈ ತಲೆನೋವಿರುವುದಿಲ್ಲ, ಆದರೆ ಪರಿವರ್ತನೆಯಲ್ಲಿ ಒತ್ತಕ್ಷರ ತಪ್ಪುವುದುಂಟು. ಮೂಲವನ್ನು ಅಳಿಸಬೇಡಿ.

ಹತ್ತಾರು ಯಂತ್ರಗಳಿದ್ದರೆ?

2016ರಲ್ಲಿ ಆಂಧ್ರದ ಸಚಿವಾಲಯ ಹೈದರಾಬಾದ್‌ನಿಂದ ವಿಜಯವಾಡದ ಬಳಿಯ ವೆಲಗಪೂಡಿಗೆ ಬಂದಂತೆ ಇಡೀ ಕಚೇರಿಯೇ ಜಾಗ ಬದಲಿಸುವುದೂ ಉಂಟು. ಆಗ ಒಂದೊಂದೇ ಯಂತ್ರಕ್ಕೆ ಕೈಯಿಂದ ಕಾಪಿ ಮಾಡುತ್ತ ಕೂರಲಾಗದು. ವಿಂಡೋಸ್ 7ರ ಕಾಲದಲ್ಲಿ 'ಈಸಿ ಟ್ರಾನ್ಸ್‌ಫರ್' ಎಂಬ ಸುಲಭ ಸಾಧನವಿತ್ತು, ವಿಂಡೋಸ್ 10ರಲ್ಲಿ ಅದನ್ನು ತೆಗೆದರು. ಈಗ ಐಟಿ ಸಿಬ್ಬಂದಿ ಇರುವ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್‌ನ ಉಚಿತ ಯುಎಸ್‌ಎಂಟಿ ಇದೆ. 'ಸ್ಕ್ಯಾನ್‌ಸ್ಟೇಟ್' ಆದೇಶ ಹಳೆಯದರಿಂದ ಬಳಕೆದಾರರ ಖಾತೆ, ಕಡತ, ಸೆಟ್ಟಿಂಗ್‌ಗಳನ್ನು ಸಂಗ್ರಹಿಸುತ್ತದೆ, 'ಲೋಡ್‌ಸ್ಟೇಟ್' ಹೊಸದರಲ್ಲಿ ಇಳಿಸುತ್ತದೆ. ಪಾಸ್‌ವರ್ಡ್, ಡ್ರೈವರ್, ಯಂತ್ರಕ್ಕೇ ನೇರ ಜೋಡಿಸಿದ ಪ್ರಿಂಟರ್, ತಂತ್ರಾಂಶಗಳು ಇದರಿಂದಲೂ ಬರುವುದಿಲ್ಲ. ಅವನ್ನು ಬೇರೆಯಾಗಿಯೇ ಹಾಕಬೇಕು.

ಒನ್‌ಡ್ರೈವ್‌ಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಸಿಂಕ್ ಮಾಡಿಟ್ಟರೆ ಕೆಲಸ ಹಗುರ. ಉಚಿತ ಜಾಗ 5 ಜಿಬಿ ಮಾತ್ರ. ಸಿಂಕ್ ಎಂದರೆ ಬ್ಯಾಕಪ್ ಅಲ್ಲ ಎಂಬುದೂ ನೆನಪಿರಲಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗಿರಬಹುದು. ಅದರ 48 ಅಂಕಿಗಳ ರಿಕವರಿ ಕೀಲಿ, ಮೊದಲ ದಿನ ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿತ್ತೋ ಅವರ ಖಾತೆಗೆ ಸೇರುತ್ತದೆ. ಅವರು ಕೆಲಸ ಬಿಟ್ಟು ಹೋದ ಮೇಲೆ ಯಂತ್ರ ಆ ಕೀಲಿ ಕೇಳಿದರೆ ಡೇಟಾ ಅಲ್ಲೇ ಬಂದಿ. ಕೀಲಿಯನ್ನು ಮುದ್ರಿಸಿ ಕಚೇರಿಯ ಬೀರುವಿನಲ್ಲಿಡಿ.

ಹಳೆಯ ಯಂತ್ರವನ್ನು ಯಾವಾಗ ಬಿಟ್ಟುಕೊಡಬೇಕು?

ಹೊಸದರಲ್ಲಿ ಒಂದು ತಿಂಗಳ ಇಡೀ ಸುತ್ತು ಮುಗಿಯುವವರೆಗೆ ಹಳೆಯದನ್ನು ಮುಟ್ಟಬಾರದು. ಸಂಬಳದ ಪಟ್ಟಿ, ಪಿಎಫ್, ಎರಡೂ ಜಿಎಸ್‌ಟಿ ರಿಟರ್ನ್, ಬ್ಯಾಂಕ್‌ನ ಒಂದು ಪಾವತಿ, ಒಂದು ಡಿಜಿಟಲ್ ಸಹಿ, ಹಳೆಯ ಪತ್ರವೊಂದರ ಮುದ್ರಣ ಇಷ್ಟೂ ಹೊಸ ಯಂತ್ರದಲ್ಲೇ, ಆ ಕೆಲಸ ದಿನವೂ ಮಾಡುವವರ ಕೈಯಿಂದಲೇ ಆಗಬೇಕು. ಏನು ತಪ್ಪಿದೆ ಎಂದು ಗೊತ್ತಾಗುವುದು ಅವರಿಗೇ ಹೊರತು ಯಂತ್ರ ಜೋಡಿಸಿ ಹೋದವರಿಗಲ್ಲ. ವಿನಿಮಯ ಯೋಜನೆಯಲ್ಲಿ ಹಳೆಯದನ್ನು ಅಂದೇ ಒಯ್ಯುತ್ತೇವೆ ಎಂದು ಅಂಗಡಿಯವರು ಒತ್ತಾಯಿಸಿದರೆ, ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡಬಹುದು.

ಲೆಕ್ಕಪತ್ರಗಳಿಗೆ ಕಾನೂನಿನ ಅವಧಿಯೂ ಇದೆ. ಕಂಪನಿ ಕಾಯ್ದೆಯಡಿ ಎಂಟು ವರ್ಷ, ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ದಾಖಲೆ ಉಳಿಸಬೇಕು. ಇನ್ನೊಂದೆಡೆ, ಸೆಕೆಂಡ್ ಹ್ಯಾಂಡ್‌ಗೆ ಹೋಗುವ ಡಿಸ್ಕ್‌ನಲ್ಲಿ ಗ್ರಾಹಕರ ಆಧಾರ್, ಪ್ಯಾನ್ ಪ್ರತಿಗಳು ಉಳಿಯಬಾರದು. ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದ ಕಡತಗಳನ್ನು ಮರಳಿ ತೆಗೆಯುವುದು ಕಷ್ಟವೇನಲ್ಲ. ಹಳೆಯ ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಮೇಲೆ ಬರೆದು ಅಳಿಸಬೇಕು, ಎಸ್‌ಎಸ್‌ಡಿ ಆದರೆ ತಯಾರಕರ ಸೆಕ್ಯೂರ್ ಇರೇಸ್ ಬಳಸಬೇಕು. ಮಾರಾಟವಾಗದಷ್ಟು ಹಳೆಯದಾದರೆ ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು.